ಹದಿನೇಳನೇ ಕಂತು

ನಕ್ಕರು, ಹಿಂದಿನ ಸಾಲಿನಲ್ಲಿ ಮೊದಲು ಯಾರೋ ಒಬ್ಬರು, ಆಮೇಲೆ ಇಡೀ ಸಭಾಂಗಣ, ಆ ಅನ್ಯಗ್ರಹದ ಜೀವಿ ಪರದೆಯ ಮೇಲೆ ಕಾಲಿಟ್ಟದ್ದೇ ತಡ — ನಗಲಿ, ನಗುವುದನ್ನು ಕಲಿಸಿಕೊಟ್ಟವನು ಇಲ್ಲೇ ಕೂತಿರುವ ಅವನೇ ತಾನೇ, ಮೂವತ್ತೆರಡು ವರ್ಷದ ಹಿಂದೆ, ಪತ್ರಿಕೆಯ ಟೀವಿ ಅಂಕಣದಲ್ಲಿ, ಹಾಸಿಗೆ ಅಂಗಡಿಯಿಂದ ತಪ್ಪಿಸಿಕೊಂಡು ಬಂದ ದಿಂಬು, ಅಷ್ಟೇ ಬರೆದದ್ದು, ಆ ಒಂದು ಸಾಲು ಬಾಯಿಂದ ಬಾಯಿಗೆ ಹಾರಿತು, ನಕ್ಷತ್ರಗಳಿಗೆ ಹೊರಟ ಹಡಗಿನ ಆ ಧಾರಾವಾಹಿಯ ಉಳಿದ ಐವತ್ತೊಂದು ಕಂತುಗಳನ್ನು ಜನ ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಹದಿನೇಳನೆಯದು ಮಾತ್ರ ದಿಂಬಿನ ಕಂತು. ಅದನ್ನು ಬರೆದವಳು ಅಕ್ಕ. ಪಕ್ಕದ ಕುರ್ಚಿಯಲ್ಲೇ ಇದ್ದಾಳೆ, ಕೈಚೀಲ ತೊಡೆಯ ಮೇಲೆ, ಬಸ್ಸಿಗೆ ಕಾಯುವವಳ ಹಾಗೆ ನೆಟ್ಟಗೆ. ಹಳೇ ಕಂತುಗಳನ್ನ ತೊಳೆದು ಹೊಸದು ಮಾಡಿದ್ದಾರಂತೆ ಕಣೋ, ಭಾನುವಾರ ನಂದು ತೋರಿಸ್ತಾರಂತೆ, ಬಾರೋ, ಒಬ್ಬಳೇ ಹೋಗೋಕೆ ಧೈರ್ಯ ಸಾಲದು — ಫೋನಿನಲ್ಲಿ ಎಷ್ಟು ಹಗುರವಾಗಿ ಅಂದಳು, ಆ ಸಾಲಿನ ಬಗ್ಗೆ ಇಷ್ಟು ವರ್ಷ ತುಟಿ ಬಿಚ್ಚದವಳು, ಅದಾದ ಮೇಲೆ ಕಥೆ ಬರೆಯುವುದನ್ನೇ ಬಿಟ್ಟು ಪಠ್ಯಪುಸ್ತಕಗಳ ಕರಡು ತಿದ್ದುತ್ತ ನಿವೃತ್ತಳಾದವಳು.

ಸಂಪಾದಕರು ಅಂದಿದ್ದರು, ನಿಮ್ಮಕ್ಕಂದಂತಲ್ಲಪ್ಪ, ಬೆಣ್ಣೆ ಹಚ್ಚಬೇಡ ನೋಡು, ಅದಕ್ಕೇ ಹಾಗೆ ಬರೆದೆ, ನಿಷ್ಪಕ್ಷಪಾತ, ಎಂಥ ದೊಡ್ಡ ಪದ, ಅದರ ಹಿಂದೆ ಆನೆಯೂ ಅಡಗಬಹುದು — ನಗು ನಿಂತಿತೇ? ನಿಂತಿದೆ. ಹಡಗು ಒಡೆದಿದೆ, ಚಾಲಕಿ ಸಾಯುತ್ತಿದ್ದಾಳೆ, ಜೀವಿ ಅವಳಿಗೆ ಕಂಬಳಿ ಹೊದಿಸುತ್ತಿದೆ, ಸ್ಪಂಜಿನ ಕೈ, ಮಣಿಕಟ್ಟಿನಲ್ಲಿ ದಪ್ಪ ಹೊಲಿಗೆ, ಕಂಬಳಿ ಗಿಡ್ಡ, ಎದೆ ಮುಚ್ಚಿದರೆ ಪಾದ ಬಯಲು, ಪಾದ ಮುಚ್ಚಿದರೆ ಎದೆ, ಕೊನೆಗೆ ಕಂಬಳಿ ಎದೆಗೇ ಬಿಟ್ಟು ಆ ಕೈ ಪಾದಗಳನ್ನು ಹಿಡಿದುಕೊಳ್ಳುತ್ತದೆ. ಮಗ ಬಂದನಾ, ಎನ್ನುತ್ತಾಳೆ ಚಾಲಕಿ. ದಾರಿಯಲ್ಲಿದ್ದಾನೆ, ಎನ್ನುತ್ತದೆ ಜೀವಿ, ಅದು ಕಲಿತ ಮೊದಲ ಸುಳ್ಳು. ಅಮ್ಮನ ಪಾದ ತಣ್ಣಗಾಗ್ತಿದೆ, ಇವತ್ತೇ ಹೊರಡು, ಅಂತ ಅಮ್ಮನ ಕೊನೆಯ ದಿನ ಅಕ್ಕನ ಫೋನು ಬಂದಾಗ ಅವನು ಚಿತ್ರೋತ್ಸವದಲ್ಲಿದ್ದ, ಸಂಜೆ ಕೊನೇ ಚಿತ್ರ, ನೋಡಿಕೊಂಡು ನಾಳೆ ಬರ್ತೀನಿ ಅಕ್ಕ, ಆ ಚಿತ್ರ ಯಾವುದು, ಹೆಸರೂ ನೆನಪಿಲ್ಲ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅಮ್ಮ ನನ್ನ ಕೇಳಿದಳಾ ಅಂದದ್ದಕ್ಕೆ ಅಕ್ಕ, ಇಲ್ಲ ಕಣೋ, ನಿದ್ದೆಯಲ್ಲೇ ಹೋದ್ಲು. ಎರಡು ವರ್ಷದ ಮೇಲೆ, ಪತ್ರಿಕಾ ಕಚೇರಿಯ ಪುಟ್ಟ ಟೀವಿಯಲ್ಲಿ, ಈ ಕೈ, ಈ ಪಾದ, ಬಂದನಾ — ಆಗ ಗೊತ್ತಾಯಿತು, ಅಮ್ಮ ಕೇಳಿದ್ದಳು, ಕೇಳುತ್ತಲೇ ಇದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಊರಿಗೆಲ್ಲ ಅಕ್ಕ ನನ್ನ ಮಾನ ಹರಾಜು ಹಾಕಿದಳು ಅನ್ನಿಸಿ ಮೈಯೆಲ್ಲ ಉರಿದು, ಕಣ್ಣು ಒರೆಸಿಕೊಂಡ ಕೈಯಲ್ಲೇ ಪೆನ್ನು ಎತ್ತಿ, ದಿಂಬು ಎಂದು ಬರೆದ.

ದೀಪ ಹತ್ತಿತು, ಹಿಂದೆ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದಾರೆ, ಚಪ್ಪಾಳೆ, ತಡವಾಗಿ, ಒಬ್ಬೊಬ್ಬರಾಗಿ. ಅಕ್ಕ ಅವನ ಕಡೆ ವಾಲಿದಳು. ನೀನವತ್ತು ಪೂರ್ತಿ ನೋಡಿರಲಿಲ್ಲ ಅಲ್ವೇನೋ. ನೋಡಿದ್ದಿದ್ರೆ ಹಾಗೆ ಬರೀತಿರಲಿಲ್ಲ, ನಂಗೊತ್ತು, ನಿಮ್ಮ ಭಾವನ ಹತ್ರ ಅದೇ ಹೇಳ್ತಿದ್ದೆ, ಕೆಲಸದ ಗಡಿಬಿಡಿ, ಅರ್ಧಕ್ಕೇ ಎದ್ದಿರ್ತಾನೆ ಅಂತ. ಈಗ ಹೇಳಬೇಕು, ಈಗಲಾದರೂ, ನೋಡಿದ್ದೆ ಅಕ್ಕ, ಕೊನೆಯವರೆಗೂ — ಅವಳ ಮುಖದಲ್ಲಿ ಅಷ್ಟು ಬೆಳಕು — ಹೌದಕ್ಕ, ಅರ್ಧಕ್ಕೇ ಎದ್ದುಬಿಟ್ಟಿದ್ದೆ. ಗೊತ್ತಿತ್ತು ಬಿಡೋ, ಎಂದು ಅವನ ಮಂಡಿ ತಟ್ಟಿದಳು, ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದಾರೆ, ಏಳಬೇಕು, ದಾರಿ ಬಿಡಬೇಕು, ಪರದೆ ಖಾಲಿ, ಬೆಳ್ಳಗೆ, ಆದರೂ ಆ ಕೈ, ಮಣಿಕಟ್ಟಿನ ಹೊಲಿಗೆ, ಹಿಡಿದುಕೊಂಡ ಪಾದ, ಆ ಕೈ —