ಚುಕ್ಕೆಯ ಹಾಲಕ್ಕಿ, ಪಟ್ಟೆಯ ಗೂಗೆ

ಚೊಳಚಗುಡ್ಡದ ನಮ್ಮ ಓಣಿಯಲ್ಲಿ ಬಾಣಂತಿಯ ಮನೆಯೆಂದರೆ ಬೆಳ್ಳುಳ್ಳಿ, ಅಜವಾನದ ಹೊಗೆ, ಬಾಗಿಲಿಗೆ ಬೇವಿನ ಸೊಪ್ಪು. ಆ ಮನೆಯ ಮಾಳಿಗೆ ಮೇಲೆ ಗೂಗೆ ಕೂಗಿದರೆ ತಾಯಿ, ಕೂಸು ಒಂಬತ್ತು ದಿನ ದನದ ಕೊಟ್ಟಿಗೆಯಲ್ಲಿರಬೇಕು. ಕೂಗಿದ್ದು ಹಾಲಕ್ಕಿಯಾದರೆ ಮಾತ್ರ ಶುಭ. ಹಾಲಕ್ಕಿಯೂ ಗೂಗೆಯ ಜಾತಿಯದೇ; ಎರಡೂ ಗೊರವಂಕದಷ್ಟೇ ಗಾತ್ರ. ತೀರ್ಪು ಹೇಳುವವರು ಮಾತ್ರ ಯಾವಾಗಲೂ ಒಳಗೆ ಬೆಚ್ಚಗೆ ಮಲಗುವವರು.

ನಾನು ಇಲ್ಲಿನ ಶಾಲೆಯ ಶಿಕ್ಷಕಿ. ಪಕ್ಕದ ಮನೆಯ ಪದ್ಮವ್ವ, ಮಾಳಿಗೆ ಮೇಲೆ ಗೂಗೆ ಕೂಗಿತೆಂದು, ತವರಲ್ಲಿ ಹೆತ್ತ ಮಗಳು ಭುವನೇಶ್ವರಿಯನ್ನು ಕೂಸಿನೊಂದಿಗೆ ಕೊಟ್ಟಿಗೆಗೆ ಹಾಕಲು ಹೊರಟಾಗ ಅಡ್ಡ ಹೋದೆ.

“ಹಕ್ಕಿ ಇಲಿ, ಹುಳ ತಿನ್ನಾಕ ಬರ್ತೈತ್ರಿ. ಅದಕ್ಕ ಕೂಸಿನ ಹಣಿಬರ ಏನ್ ಗೊತ್ತು?”

“ಅದನ್ನ ಸಾಲ್ಯಾಗ ಹೇಳ್ರಿ ಅಕ್ಕೋರ,” ಎಂದಳು ಪದ್ಮವ್ವ. “ಹಿರ್ಯಾರು ಮಾಡಿದ್ದು ಸುಳ್ಳೇನು?”

ಹಕ್ಕಿ ಇನ್ನೂ ಕೂತಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದೆ. “ತಲಿ ಮ್ಯಾಲ ಬಿಳಿ ಚುಕ್ಕಿ ನೋಡ್ರಿ. ಇದು ಹಾಲಕ್ಕಿ. ಗುಡ್ಡದ ಗೂಗಿಗೆ ತಲಿತುಂಬ ಅಡ್ಡ ಪಟ್ಟಿ ಇರ್ತಾವ.”

ಪದ್ಮವ್ವ ಎರಡು ಸಲ ನೋಡಿ ಮಗಳನ್ನು ಒಳಗೆ ಕರೆದುಕೊಂಡಳು. ನಾನು ಬೀಗಿದೆ. ಮರುವಾರವೇ ಶಾಲೆಯ ಗೋಡೆಯ ಮೇಲೆ ಎರಡೂ ಹಕ್ಕಿಗಳ ಚಿತ್ರ ಬರೆಸಿ, ಕೆಳಗೆ ಗುರುತು ಬರೆದೆ. ಎಂಥ ದಡ್ಡಿ ನಾನು.

ಪುಷ್ಯದ ಚಳಿಯಲ್ಲಿ ನಾನು ತರಬೇತಿಗೆಂದು ಹುನಗುಂದಕ್ಕೆ ಹೋಗಿದ್ದಾಗ ಅದೇ ಓಣಿಯ ಶಾರವ್ವನ ಮಾಳಿಗೆ ಮೇಲೆ ಹಕ್ಕಿ ಕೂತು ಕೂಗಿತು; ಒಳಗೆ ಅವಳ ಮಗಳ ಬಾಣಂತನ. ಮೊದಲಾದರೆ, ‘ಸರಿಯಾಗಿ ಕಾಣಲಿಲ್ಲ, ಹಾಲಕ್ಕಿಯೇ ಇರಬೇಕು’ ಎಂದು ಎಷ್ಟೋ ತಾಯಂದಿರು ಮಗಳನ್ನು ಉಳಿಸಿಕೊಂಡಿದ್ದರು. ಈಗ ಅನುಮಾನಕ್ಕೆ ಜಾಗವಿರಲಿಲ್ಲ. ಪದ್ಮವ್ವನೇ ಮುಂದೆ ನಿಂತು, “ಪಟ್ಟಿ ಅದಾವ. ಅಕ್ಕೋರ ಬರದಾರಲ್ಲ,” ಎಂದಳಂತೆ. ಶಾರವ್ವ ಅಳುತ್ತಲೇ ಮಗಳು ನೀಲಾಬಾಯಿಯನ್ನೂ ಎಂಟು ದಿನದ ಕೂಸನ್ನೂ ಕೊಟ್ಟಿಗೆಗೆ ದೂಡಿ ಅಗಳಿ ಹಾಕಿದಳು.

ನಾಲ್ಕನೇ ದಿನ ನಾನು ಮರಳಿದಾಗ ಕೂಸು ನೀಲಿಗಟ್ಟಿತ್ತು. ಬಾದಾಮಿಯ ದವಾಖಾನೆ ಮುಟ್ಟುವುದರೊಳಗೆ ನನ್ನ ಮಡಿಲಲ್ಲೇ ಉಸಿರು ನಿಂತಿತು.

“ಹಕ್ಕಿ ಸುಳ್ಳಾಡಲಿಲ್ಲ ನೋಡ್ರಿ,” ಎಂದಳು ಮಣ್ಣಿಗೆ ಬಂದ ಪದ್ಮವ್ವ.

ನೀಲಾಬಾಯಿ ಅಳಲಿಲ್ಲ. ಅವಳ ಕುಪ್ಪಸ ಹಾಲಿನಿಂದ ತೊಯ್ದಿತ್ತು. “ಅಕ್ಕೋರ, ಪಟ್ಟಿ ಇದ್ದದ್ದೂ ಬರೇ ಹಕ್ಕಿ ಅಂತ ಗ್ವಾಡಿ ಮ್ಯಾಲ ಯಾಕ ಬರೀಲಿಲ್ಲರಿ?”

ಹಾಗೆ ಬರೆದಿದ್ದರೆ ಪದ್ಮವ್ವ ನನ್ನನ್ನು ನಂಬುತ್ತಿರಲಿಲ್ಲ. ನನಗೆ ಆಕೆ ನಂಬುವುದು ಬೇಕಾಗಿತ್ತು.