ಯಾವ ದರ್ಶನ್?

ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರಲಿದ್ದ ಭಾನುವಾರವೂ ಬೆಳಗ್ಗೆಯಿಂದ ಫ್ಯಾಕ್ಟರಿಯ ಫೋನು. ಬಿಡದಿಯಲ್ಲಿ ನಾನು ಪ್ರೊಡಕ್ಷನ್ ಮ್ಯಾನೇಜರ್. ನಾನಿಲ್ಲದಿದ್ದರೆ ಅಲ್ಲಿ ಒಂದು ಬೋಲ್ಟೂ ತಿರುಗುವುದಿಲ್ಲವಂತೆ. ಬೆಳಕು ಹರಿಯುವ ಮುಂಚೆ ವಿಜಯನಗರ ಬಿಟ್ಟರೆ ವಾಪಸ್ಸಾಗುವಷ್ಟರಲ್ಲಿ ಮೈಯಲ್ಲಿ ಜೀವ ಇರುವುದಿಲ್ಲ. ಅಪ್ಪ ಹೋದ ಮೇಲೆ ಮನೆ ನಡೆಸುತ್ತಿರುವವನು ನಾನೇ ತಾನೆ? ವಚನಾಗೆ ಗಂಡು ಹುಡುಕಿದ್ದೂ ನಾನೇ, ಕಂಪನಿ ಬಸ್ಸಿನಲ್ಲಿ ಕೂತು ಆ್ಯಪ್ ನೋಡಿ ನೋಡಿ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ದಾವಣಗೆರೆ ಕಡೆಯವರು. ಹುಡುಗ ಬಸವಕುಮಾರ್, ಅವನ ತಂದೆ ತಾಯಿ, ಜೊತೆಗೆ ದೊಡ್ಡಪ್ಪ ಗುರುಸಿದ್ದಯ್ಯ. ಅಮ್ಮ ಉಪ್ಪಿಟ್ಟು, ಕೇಸರಿಬಾತು ಕೊಟ್ಟಳು. ವಚನಾ ಕಾಫಿ ಕೊಟ್ಟು ತಲೆ ತಗ್ಗಿಸಿ ಕೂತಳು. ನಾಚಿಕೆ ಅಂದುಕೊಂಡೆ.

"ಹುಡುಗಿ ಸ್ವಭಾವ ಹೆಂಗಪ್ಪ ಚನ್ನವೀರೇಶ?" ಎಂದರು ಗುರುಸಿದ್ದಯ್ಯ.

"ಎಂ.ಕಾಂ. ಸಾರ್. ರಾಜಾಜಿನಗರದಲ್ಲಿ ಆಡಿಟರ್ ಆಫೀಸಲ್ಲಿ ಕೆಲಸ."

"ಅದು ಬಯೋಡೇಟಾದಾಗೇ ಐತಲ್ಲಪ್ಪ! ಏನು ಇಷ್ಟ, ಯಾವಾಗ ಮುನಿಸ್ಕೊಂತಾಳೆ, ಅದು ಹೇಳು."

ಬಾಯಿ ತೆರೆದೆ. ಒಂದೂ ಹೊಳೆಯಲಿಲ್ಲ. ಥೂ, ಒಂದೇ ಮನೆಯಲ್ಲಿದ್ದೂ! ಮರ್ಯಾದೆ ಉಳಿಸಿಕೊಳ್ಳಲು ನಕ್ಕೆ. "ನಾವಿಬ್ರೂ ಫ್ರೆಂಡ್ಸ್ ಥರ ಸಾರ್. ನನ್ನ ಹತ್ರ ಏನೂ ಮುಚ್ಚಿಡಲ್ಲ, ಎಲ್ಲಾ ಹೇಳ್ತಾಳೆ."

ವಚನಾ ಆಗ ತಲೆ ಎತ್ತಿದಳು. "ಹೌದು, ಹೇಳಿದ್ದೆ. ದರ್ಶನ್ ವಿಷಯಾನೂ ಹೇಳಿದ್ದೆ."

"ಯಾವ ದರ್ಶನ್?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಸವಕುಮಾರ್ ಲೋಟ ಕೆಳಗಿಟ್ಟ. ಅವನ ತಾಯಿ ಗಂಡನ ಮುಖ ನೋಡಿದರು. ಗುರುಸಿದ್ದಯ್ಯನವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು ನನ್ನ ಭುಜ ತಟ್ಟಿ, "ಮೊದ್ಲು ಅಣ್ಣ ತಂಗಿ ಕುಂತು ಮಾತಾಡ್ರಪ್ಪ," ಎಂದರು. ಗೇಟಿನ ತನಕ ಹೋಗಿ ಕಳಿಸಿಬಂದೆ. ಯಾರ ಮುಖವನ್ನೂ ನೋಡಲಾಗಲಿಲ್ಲ, ಅಷ್ಟು ಅವಮಾನ.

ಒಳಗೆ ಬಂದವನೇ ಕೂಗಾಡಿದೆ. "ಬಂದೋರ ಮುಂದೆ ಮಾನ ಕಳೆದ್ಯಲ್ಲೇ! ಯಾವಾಗ ಹೇಳಿದ್ದೆ ನಂಗೆ?"

"ಶಿವರಾತ್ರಿ ಆದ ವಾರ. ಊಟ ಮಾಡ್ತಾ ಇದ್ದೆ ನೀನು. ನಮ್ಮ ಆಫೀಸಿನವನು, ಮದುವೆ ಆಗ್ಬೇಕು ಅಂತಿದೀವಿ, ಅವರ ಮನೇಲಿ ಮಾತಾಡು ಅಂದೆ. 'ಆಯ್ತು, ನೋಡೋಣ' ಅಂದೆ ನೀನು. ಆಮೇಲೆ ನೋಡಿದ್ರೆ ಬೇರೆ ಹುಡುಗರ ಫೋಟೋ ಕಳಿಸ್ತಾ ಇದೀಯ. ಅದೇ ನಿನ್ನ ಉತ್ತರ ಅಂದ್ಕೊಂಡೆ."

ಆ ಊಟ ನನಗೆ ನೆನಪೇ ಇಲ್ಲ. ಆದರೆ ನನ್ನ ಊಟ ಹೇಗಿರುತ್ತದೆಂದು ಗೊತ್ತು. ಕೈಯಲ್ಲಿ ರೊಟ್ಟಿ, ಕಿವಿಯಲ್ಲಿ ಬ್ಲೂಟೂತ್, ಆ ಕಡೆಯಿಂದ ಫ್ಯಾಕ್ಟರಿಯ ಡಿಸ್ಪ್ಯಾಚಿನವನು. 'ಆಯ್ತು, ನೋಡೋಣ' ಅಂದದ್ದು ಅವನಿಗೇ ಇರಬೇಕು.

"ಇವತ್ತೇ ಮಾತಾಡ್ತೀನಿ ಕಣೇ. ಅವರ ಮನೆ ನಂಬರ್ ಕೊಡು."

"ಬೇಡ. ಅಣ್ಣ ಒಪ್ಪಲಿಲ್ಲ ಅಂತ ಅವನಿಗೆ ಹೇಳ್ಬಿಟ್ಟೆ. ಹೋದ ವಾರ ಅವನ ನಿಶ್ಚಿತಾರ್ಥ ಆಯ್ತು."

ಅಮ್ಮ "ಶಿವನೇ" ಎಂದು ಕುಸಿದು ಕೂತಳು.

ವಚನಾ ಎಲ್ಲರ ಲೋಟಗಳನ್ನೂ ಟ್ರೇಗೆ ತುಂಬಿಕೊಂಡಳು.

"ನೀನು ಬೇಡ ಅಂದೆ ಅಂತ ಇಷ್ಟು ದಿನ ನಿನ್ನ ಮೇಲೆ ಸಿಟ್ಟಿತ್ತು ಅಣ್ಣ," ಎಂದಳು. "ನೀನು ಕೇಳಿಸ್ಕೊಂಡೇ ಇರ್ಲಿಲ್ವಾ?"