ಮೊದಲಿನ ಎರಡು ವಾರ

ಚೀಟಿ ಬೋರ್ಡಿನಿಂದ ಸುಲಭಕ್ಕೆ ಬರಲಿಲ್ಲ. ಗುಲಾಬಿ ಮೇಣ ಕಾಯಿಸಿ ನಾಲ್ಕೂ ಮೂಲೆಗೆ ಒತ್ತಿ ಅಂಟಿಸಿದ್ದರು, ಬೇಕೆಂದೇ. ಕಾನೂನಣ್ಣ ಮೇಣದ ಚಾಕುವಿನ ಮೊನೆಯನ್ನು ಕೆಳಗೆ ತೂರಿಸಿ, ಬೋರ್ಡಿನ ಬಣ್ಣವನ್ನೂ ಒಂದಿಷ್ಟು ಕಿತ್ತುಕೊಂಡು, ಅದನ್ನು ಎಬ್ಬಿಸಿ ಕಿಟಕಿಯ ಬೆಳಕಿಗೆ ಹಿಡಿದ. ಓದಿದ್ದನ್ನೇ ಮೂರನೇ ಸಲ ಓದಿದ.

‘ಪ್ಲಾಸ್ಟರ್ ಅಕ್ಕ ಕೊಡುವುದು: ಉದ್ದ ಜುಟ್ಟಿನ ಸ್ಟ್ರೈಕರ್. ಪಾಲಿಶ್ ಕೊಡುವುದು: ಎರಡನೇ ಗೋಲ್‌ಕೀಪರ್. ಇಬ್ಬರಿಗೂ ಒಪ್ಪಿಗೆ.’ ಕೆಳಗೆ ಎರಡು ಸಹಿ.

ಆ ಗೋಲ್‌ಕೀಪರಿಗೆ ಮಂಡಿಯ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ಅವನು ಊರುಗೋಲಿನ ಮೇಲೆ ನಿಂತು ಅಭಿಮಾನಿಗಳಿಗೆ ಕೈಬೀಸಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದರು.

“ಕುದುರೆ ಕೊಟ್ಟು ಕುಂಟನ್ನ ತಗೊಂಡಿದಾಳೆ,” ಎಂದ ಕಾನೂನಣ್ಣ, ಯಾರಿಗೂ ಅಲ್ಲ ಎನ್ನುವಂತೆ, ಎಲ್ಲರಿಗೂ ಕೇಳುವಂತೆ. “ಇದು ವ್ಯಾಪಾರ ಅಲ್ಲ, ಬಳುವಳಿ.”

ಅದು ಹಲ್ಲಿನ ಸೆಟ್ ತಯಾರಿಸುವ ಲ್ಯಾಬು. ವೈದ್ಯರು ಬಾಯಿಯ ಅಳತೆ ಕಳಿಸಿದರೆ ಪ್ಲಾಸ್ಟರ್ ಅಕ್ಕ ಅಚ್ಚು ಎರೆಯುತ್ತಿದ್ದಳು, ಕಾನೂನಣ್ಣ ಮೇಣದ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ, ಕೊನೆಗೆ ಪಾಲಿಶ್ ಎಂದೇ ಹೆಸರಾದವನು ಅದನ್ನು ಚಕ್ರಕ್ಕೆ ಹಿಡಿದು ಹೊಳಪೇರಿಸುತ್ತಿದ್ದ. ಡ್ರೈವರ್ ಡಬ್ಬಿಯಲ್ಲಿಟ್ಟು ತಲುಪಿಸುತ್ತಿದ್ದ. ಕಡಲೆ ಇದ್ದವರಿಗೆ ಹಲ್ಲು ಒದಗಿಸುವುದು ಅವರ ಕಸುಬು. ತಮ್ಮ ತಮ್ಮ ಕಡಲೆಯ ವಿಷಯ ಬಂದಾಗ ಮಾತ್ರ ಅಲ್ಲಿನ ಎಂಟು ಜನವೂ ಹಲ್ಲು ಮಸೆಯುತ್ತಿದ್ದರು.

ಕಡಲೆ ಎಂದರೆ ರಜೆ. ಒಂದು ಹೊತ್ತಿಗೆ ಒಂದೇ ಮೇಜು ಖಾಲಿ ಇರಬೇಕೆಂಬುದು ಯಜಮಾನಿಯ ಕಟ್ಟಪ್ಪಣೆ. ಶಾಲೆಗಳಿಗೆ ಬಿಡುವು ಇರುವುದು ನಾಲ್ಕು ವಾರ. ಮೊದಲಿನ ಎರಡು ವಾರ ಒಬ್ಬರಿಗೆ, ಆಮೇಲಿನ ಎರಡು ವಾರ ಇನ್ನೊಬ್ಬರಿಗೆ, ಉಳಿದವರಿಗೆ ಮಕ್ಕಳು ಶಾಲೆಗೆ ಹೋದ ಮನೆಯಲ್ಲಿ ಮಲಗುವ ರಜೆ. ಪ್ರತಿ ವರ್ಷ ಇದಕ್ಕಾಗಿ ಕಾದಾಟ ನಡೆದು ಯಜಮಾನಿ ಬೇಸತ್ತು, “ಏನಾದ್ರೂ ಮಾಡ್ಕೊಂಡು ಸಾಯ್ರಿ, ನನಗೆ ಪಟ್ಟಿ ಕೊಡಿ ಸಾಕು,” ಎಂದಿದ್ದಳು. ಐದು ವರ್ಷದ ಹಿಂದೆ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಹುಟ್ಟಿದ್ದು ಹಾಗೆ. ಹುಟ್ಟಿಸಿದವನು ಕಾನೂನಣ್ಣ. ಒಬ್ಬೊಬ್ಬರೂ ಒಂದು ಕಾಗದದ ತಂಡದ ಮಾಲೀಕರು. ನಿಜವಾದ ಆಟಗಾರರನ್ನು ಆರಿಸಿಕೊಳ್ಳುವುದು, ಅವರು ಮೈದಾನದಲ್ಲಿ ಗೋಲು ಹೊಡೆದರೆ ಇಲ್ಲಿ ಅಂಕ. ಇಬ್ಬರು ಒಪ್ಪಿ ಬೋರ್ಡಿಗೆ ಚೀಟಿ ಅಂಟಿಸಿದರೆ ಆಟಗಾರರ ವಿನಿಮಯ. ಮೊದಲ ಆಯ್ಕೆ ಯಾರದೆಂದು ತೀರ್ಮಾನಿಸಲು ಎಂಟು ಬಣ್ಣದ ಎಂಟು ಕೃತಕ ಹಲ್ಲುಗಳನ್ನು ಡಬ್ಬಿಗೆ ಹಾಕಿ ಕಣ್ಣುಮುಚ್ಚಿ ಎತ್ತುವುದು. ಬೆಳ್ಳನೆಯ ಹಲ್ಲು ಸಿಕ್ಕವರು ಮೊದಲು, ಬೀಡಿ ಸೇದಿದ ಬಣ್ಣದ್ದು ಸಿಕ್ಕವರು ಕೊನೆಗೆ. ವರ್ಷದ ಕೊನೆಯಲ್ಲಿ ಗೆದ್ದವರು ಗೋಡೆಯ ರಜಾ ಪಟ್ಟಿಯ ಮೇಲೆ ದಾರಕ್ಕೆ ಕಟ್ಟಿದ ಪೆನ್ಸಿಲ್ಲನ್ನು ಮೊದಲು ಹಿಡಿಯುತ್ತಿದ್ದರು.

ನಿಯಮಗಳ ನೋಟ್‌ಬುಕ್ಕೂ ಅವನದೇ. ಒಂದೊಂದು ಜಗಳಕ್ಕೆ ಒಂದೊಂದು ನಿಯಮದಂತೆ ಈಗ ಮೂವತ್ತೊಂದು. ಇಪ್ಪತ್ತೇಳನೆಯದು ಹೋದ ವರ್ಷದ್ದು: ‘ಪೆನ್ಸಿಲ್ಲಿನಿಂದ ಬರೆದ ಮೇಲೆ ರಜೆಯ ವಾರಗಳನ್ನು ಯಾರೂ ಅದಲುಬದಲು ಮಾಡಿಕೊಳ್ಳತಕ್ಕದ್ದಲ್ಲ.’ ಅದನ್ನು ಬರೆದದ್ದು ಪಾಲಿಶ್ ಬಂದು, ಮೊದಲಿನ ಎರಡು ವಾರ ನನಗೆ ಬಿಡಿ ಅಣ್ಣಾ, ನನ್ನವು ನೀವು ತಗೊಳ್ಳಿ ಎಂದು ಕೇಳಿದ ಮಧ್ಯಾಹ್ನ. ಪಾಲಿಶ್‌ನ ಹೆಂಡತಿಯ ಕಾರ್ಖಾನೆ ಮುಚ್ಚುವುದು ಆ ಎರಡು ವಾರ ಮಾತ್ರ. ಉಳಿದ ದಿನ ಅವರ ಮಕ್ಕಳು ಅಪ್ಪ ಅಮ್ಮನನ್ನು ಪಾಳಿಯ ಮೇಲೆ ನೋಡುತ್ತಿದ್ದರು.

ಕಾನೂನಣ್ಣನಿಗೂ ಅವೇ ವಾರ ಬೇಕಾಗಿದ್ದವು. ಬೇರೆಯಾದ ಹೆಂಡತಿ ಮಗಳನ್ನು ಕಳಿಸುತ್ತಿದ್ದದ್ದು ಅವೆರಡೇ ವಾರ. ಮೂರು ವರ್ಷ ಸತತವಾಗಿ ಗೆದ್ದಿದ್ದ. ಮೂರು ವರ್ಷವೂ ಮಗಳು ಎಂಟು ಗಂಟೆ ರೈಲಿನಲ್ಲಿ ಕೂತು ಬಂದಿದ್ದಳು. ಈಗ ಅವಳಿಗೆ ಹದಿನಾಲ್ಕು. ಇನ್ನೆಷ್ಟು ವರ್ಷ ಬಂದಾಳು ಎಂಬ ಲೆಕ್ಕ ಅವನು ಯಾರೊಡನೆಯೂ ಆಡಿರಲಿಲ್ಲ.

ಊಟದ ಹೊತ್ತಿಗೆ ವಿಚಾರಣೆ ಇಟ್ಟ. ಮಾರನೆಯ ದಿನ ಕೊನೆಯ ಸುತ್ತು.

“ನೀನು ಪಟ್ಟಿಯಲ್ಲಿ ಏಳನೆಯವಳು,” ಎಂದ ಪ್ಲಾಸ್ಟರ್ ಅಕ್ಕನಿಗೆ. “ನಿನ್ನ ಭಾವ ಪಾಲಿಶ್ ಎರಡನೆಯವನು. ಕೊನೆ ವಾರದಲ್ಲಿ ನಿನ್ನ ಒಬ್ಬನೇ ಒಬ್ಬ ಒಳ್ಳೆ ಆಟಗಾರ ಅವನ ಮನೆಗೆ ನಡ್ಕೊಂಡು ಹೋಗ್ತಾನೆ. ಇದಕ್ಕೆ ಏನಂತಾರಮ್ಮ?”

“ಏನಂತಾರೆ? ನೀವೇ ಹೇಳಿ. ಹೆಸರಿಡೋದರಲ್ಲಿ ನೀವು ಮುಂದು.”

“ಒಳಒಪ್ಪಂದ.”

“ನಂಗೆ ಗೋಲ್‌ಕೀಪರ್ ಬೇಕಿತ್ತು.”

“ಅವನಿಗೆ ನಿಂತ್ಕೊಳ್ಳೋಕೇ ಆಗಲ್ಲ!”

“ಮುಂದಿನ ತಿಂಗಳು ನಿಂತ್ಕೋತಾನೆ. ನಂಗೇನು ಅವಸರ?”

ಡ್ರೈವರ್ ನಕ್ಕ. ಕಾನೂನಣ್ಣ ಅವನತ್ತ ತಿರುಗಿದ್ದು ತಪ್ಪಾಯಿತು.

“ಅಲ್ಲಣ್ಣಾ, ನೆನಪಿಗೆ ಕೇಳ್ತೀನಿ,” ಎಂದ ಡ್ರೈವರ್ ಊಟದ ಡಬ್ಬಿಯ ಮುಚ್ಚಳ ನೆಕ್ಕುತ್ತ, ನಿಧಾನವಾಗಿ. “ಮೂರು ವರ್ಷದ ಹಿಂದೆ ಇಲ್ಲಿ ಕೆಲಸಕ್ಕಿದ್ದ ತಾತ ರಿಟೈರ್ ಆಗೋ ವಾರ, ತಮ್ಮ ಮಿಡ್‌ಫೀಲ್ಡರನ್ನ ನಿಮಗೆ ಕೊಟ್ಟು ಹೋದರಲ್ಲ. ಬದಲಿಗೆ ನೀವು ಯಾರನ್ನ ಕೊಟ್ರಿ?”

“ಅದು ಬೇರೆ. ತಾತ ಪ್ರೀತಿಯಿಂದ ಕೊಟ್ಟಿದ್ದು.”

“ಇವಳೇನು ಭಾವನಿಗೆ ದ್ವೇಷದಿಂದ ಕೊಟ್ಟಳಾ?”

ಈಗ ಎಲ್ಲರೂ ನಕ್ಕರು. ಕಾನೂನಣ್ಣನ ಕಿವಿ ಕೆಂಪಾಯಿತು. ಪಾಲಿಶ್ ಒಬ್ಬನೇ ನಗದೆ, ಉಗುರಿನ ಸಂದಿಯ ಬಿಳಿ ಪುಡಿಯನ್ನು ಬೆಂಕಿಕಡ್ಡಿಯಿಂದ ತೆಗೆಯುತ್ತಿದ್ದ. ಕೊನೆಗೆ ತಲೆಯೆತ್ತದೆ ಹೇಳಿದ: “ಬದಲಾಯಿಸ್ಕೊಳ್ಳೋದಕ್ಕೂ ಬಿಡಲ್ಲ, ಗೆಲ್ಲೋದಕ್ಕೂ ಬಿಡಲ್ಲ. ಒಂದು ಕೆಲಸ ಮಾಡಿ. ಮೂವತ್ತೆರಡನೇ ನಿಯಮ ಬರ್ಕೊಳ್ಳಿ, ಆ ಎರಡು ವಾರ ಅಣ್ಣನದೇ ಅಂತ. ನಮಗೂ ಭಾನುವಾರ ನೆಮ್ಮದಿಯಾಗಿ ನಿದ್ದೆ ಬರುತ್ತೆ.”

“ಹಂಗಲ್ಲ ಮಾತಾಡೋದು.”

“ಹೆಂಗೆ ಮಾತಾಡ್ಲಿ? ಆಡೋರೂ ನೀವೇ, ಸೀಟಿ ಊದೋರೂ ನೀವೇ. ಬೇಲಿನೇ ಎದ್ದು ಹೊಲ ಮೇಯ್ತಾ ಇದೆ, ನಾವು ಬೇಲಿಗೇ ಅರ್ಜಿ ಕೊಡ್ಬೇಕು.”

ನಿಯಮ ನಾಲ್ಕರ ಪ್ರಕಾರ ಅನುಮಾನದ ವಿನಿಮಯವನ್ನು ರದ್ದು ಮಾಡುವ ಅಧಿಕಾರ ಲೀಗಿನ ಮುಖ್ಯಸ್ಥನದು. ಕಾನೂನಣ್ಣ ಕೆಂಪು ಪೆನ್ನಿನಿಂದ ಚೀಟಿಯ ಮೇಲೆ ಅಡ್ಡಗೆರೆ ಎಳೆದ. ತಾನು ಹೇಳುತ್ತಿರುವುದು ನ್ಯಾಯವೆಂದು ಅವನಿಗೆ ಖಾತ್ರಿಯಿತ್ತು. ನ್ಯಾಯ ತನಗೇ ಅನುಕೂಲವಾದದ್ದು ಕಾಕತಾಳೀಯ ಎಂದೂ ಖಾತ್ರಿಯಿತ್ತು. ಪ್ಲಾಸ್ಟರ್ ಅಕ್ಕ ಎದ್ದು ಹೋಗುವಾಗ ಅವನ ತಟ್ಟೆಯ ಪಕ್ಕದಲ್ಲಿದ್ದ ನೀರಿನ ಲೋಟವನ್ನು ತೆಗೆದು ತಾನು ಕುಡಿದು, ಖಾಲಿ ಲೋಟ ಅಲ್ಲೇ ಇಟ್ಟಳು.

ಶನಿವಾರ ಜುಟ್ಟಿನವನು ಎರಡು ಗೋಲು ಹೊಡೆದ. ಹತ್ತು ಅಂಕ, ಏಳನೇ ಸ್ಥಾನದಲ್ಲಿದ್ದ ಪ್ಲಾಸ್ಟರ್ ಅಕ್ಕನ ತಂಡಕ್ಕೆ ಸೇರಿ ವ್ಯರ್ಥವಾದವು. ಭಾನುವಾರ ಸಂಜೆಗೆ ಕಾನೂನಣ್ಣ ಪಾಲಿಶ್‌ನಿಗಿಂತ ನಾಲ್ಕು ಅಂಕ ಮುಂದಿದ್ದ.

ಸೋಮವಾರ ಬೆಳಿಗ್ಗೆ ಅವನು ಪೆನ್ಸಿಲ್ ಹಿಡಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ವರ್ಷಗಳಲ್ಲಿ ತಟ್ಟುತ್ತಿದ್ದರು, ಬೈಯುತ್ತಲಾದರೂ. ಮೊದಲಿನ ಎರಡು ವಾರದ ಚೌಕದಲ್ಲಿ ಅವನು ತನ್ನ ಗುರುತು ಹಾಕಿದ. ಆಮೇಲೆ ಪಾಲಿಶ್ ಬಂದು ಅದರ ಕೆಳಗಿನ ಎರಡು ವಾರಕ್ಕೆ ತನ್ನದು ಹಾಕಿ, ಪೆನ್ಸಿಲ್ಲನ್ನು ಗೋಡೆಗೆ ಬಡಿಯುವಂತೆ ಬಿಟ್ಟುಹೋದ.

ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಂತು ಮಗಳಿಗೆ ಫೋನ್ ಮಾಡಿದ.

“ರಜೆ ಸಿಕ್ತು. ಯಾವಾಗಿನ ಹಾಗೇ. ಟಿಕೆಟ್ ಮಾಡಿಸ್ತೀನಿ.”

“ಅಪ್ಪಾ…” ಎಂದಳು ಅವಳು. ಆ ದೀರ್ಘದಲ್ಲೇ ಅವನಿಗೆ ಅರ್ಧ ತಿಳಿಯಿತು. “ಈ ಸಲ ನಮ್ಮ ಈಜಿನ ಕ್ಯಾಂಪು ಆ ಎರಡು ವಾರಾನೇ ಇಟ್ಟಿದಾರೆ. ನಾನು ಆಯ್ಕೆ ಆಗಿದೀನಿ ಗೊತ್ತಾ? ಅಮ್ಮನ್ನ ಒಪ್ಸಿದೀನಿ, ಆಮೇಲಿನ ಎರಡು ವಾರ ಬರ್ತೀನಿ. ಪರವಾಗಿಲ್ಲ ಅಲ್ವಾ? ನೀನೇ ಅಲ್ವಾ ಅಲ್ಲಿ ಎಲ್ಲಾ ನಿಯಮ ಮಾಡೋದು?”

“ಹೂಂ,” ಎಂದ. “ಆಯ್ಕೆ ಆದ್ಯಾ? ಭೇಷ್.”

“ಬರ್ಲಾ ಹಂಗಾದ್ರೆ?”

“ನೋಡ್ತೀನಿ ಪುಟ್ಟಾ. ಹೇಳ್ತೀನಿ.”

ಒಳಗೆ ಬಂದು ತನ್ನ ಮೇಜಿಗೆ ಹೋಗದೆ ನೇರ ಮೂಲೆಗೆ ನಡೆದ. ಪಾಲಿಶ್ ಮಾಸ್ಕ್ ಹಾಕಿಕೊಂಡು, ಕೆಳದವಡೆಯ ಸೆಟ್ಟೊಂದನ್ನು ಚಕ್ರದ ಬಟ್ಟೆಗೆ ಹಿಡಿದಿದ್ದ. ಮೂರು ದಿನ ಹಿಂದೆ ಕಾನೂನಣ್ಣನೇ ಜೋಡಿಸಿದ್ದ ಹಲ್ಲುಗಳು.

“ಒಂದು ಮಾತಿತ್ತು.”

“ಹೇಳಿ. ಕೈ ಕೆಲಸದಲ್ಲಿದೆ, ಕಿವಿ ಖಾಲಿ ಇದೆ.”

“ಮೊದಲಿನ ಎರಡು ವಾರ ನೀನು ತಗೋ. ನಿನ್ನವು ನನಗೆ ಕೊಡು.”

ಪಾಲಿಶ್ ತಿರುಗಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಸಿಂಕಿನ ಬಳಿ ಪ್ಲಾಸ್ಟರ್ ಕಲಸುತ್ತಿದ್ದ ಅಕ್ಕನ ಕೈ ಮಾತ್ರ ನಿಂತಿತು.

“ಯಾಕಂತೆ?”

“ಮಗಳು ಆವಾಗ ಬರ್ತಾಳೆ. ನಿನಗೂ ಅದೇ ಬೇಕಲ್ಲ. ನಿನ್ನ ಹೆಂಡತಿಗೂ ರಜೆ.”

“ಹೌದು. ಹೇಳಿದ್ರೆ ಇವತ್ತೇ ಬ್ಯಾಗ್ ಕಟ್ತಾಳೆ. ಆದ್ರೆ ನಿಯಮ ಇಪ್ಪತ್ತೇಳು ಇದೆಯಲ್ಲ ಅಣ್ಣಾ.”

“ಬರೆದೋನು ನಾನು. ಹೊಡೆದು ಹಾಕ್ತೀನಿ.”

“ಹೋದ ವರ್ಷ ನಾನು ನಿಮ್ಮ ಮೇಜಿನ ಮುಂದೆ ಹಿಂಗೇ ನಿಂತಿದ್ದೆ. ನೀವು ತಲೆ ಎತ್ತಲಿಲ್ಲ. ಬರೀತಾ ಇದ್ರಿ. ನಾನು ಲೆಕ್ಕ ಬರೀತಿದೀರ ಅಂದ್ಕೊಂಡು ಕಾಯ್ತಾ ನಿಂತಿದ್ದೆ.”

“ತಪ್ಪಾಯ್ತು ಅಂತಿಟ್ಕೋ.”

“ಇಟ್ಕೊಂಡೆ.” ಪಾಲಿಶ್‌ನ ದನಿ ಏರಲಿಲ್ಲ. “ಆದ್ರೂ ಇಬ್ಬರು ಮಾಲೀಕರು ಮೂಲೇಲಿ ನಿಂತು ತಮ್ಮ ತಮ್ಮ ಅನುಕೂಲ ಮಾಡ್ಕೊಂಡ್ರೆ, ಅದಕ್ಕೇನೋ ಹೆಸರು ಇಟ್ಟಿದ್ರಲ್ಲ ನೀವು, ಶುಕ್ರವಾರ?”

“ಒಳಒಪ್ಪಂದ,” ಎಂದಳು ಪ್ಲಾಸ್ಟರ್ ಅಕ್ಕ ಇತ್ತ ತಿರುಗದೆ.

“ಹಾಂ, ಅದೇ. ನಮ್ಮಂಥೋರಿಗೆ ಒಗ್ಗಲ್ಲ ಅಣ್ಣಾ.”

ಕಾನೂನಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವಾಸನೆ ಬಂತು, ಪ್ಲಾಸ್ಟಿಕ್ ಸುಟ್ಟ ಕಮಟು. ಪಾಲಿಶ್ ತಟ್ಟನೆ ಕೈ ಹಿಂದೆಳೆದ. ಮಾತಾಡಿದಷ್ಟು ಹೊತ್ತೂ ಸೆಟ್ಟನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದಿದ್ದ. ಗುಲಾಬಿ ಒಸಡು ಕಂದಿ ಉಬ್ಬಿ, ಎರಡು ಹಲ್ಲು ಓರೆಯಾಗಿದ್ದವು. ಹನ್ನೊಂದು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಸೆಟ್ಟೂ ಸುಟ್ಟಿರಲಿಲ್ಲ.

ಈಗ ಚಕ್ರ ನಿಲ್ಲಿಸಿದ. ಮಾಸ್ಕ್ ಕೆಳಗಿಳಿಸಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಲ್ಯಾಬಿನ ಉದ್ದಕ್ಕೂ ನಡೆದುಹೋಗಿ, ಕಾನೂನಣ್ಣನ ಮೇಜಿನ ಮೇಲೆ, ನಿಯಮಗಳ ನೋಟ್‌ಬುಕ್ಕಿನ ಪಕ್ಕದಲ್ಲಿ ಇಟ್ಟು ಬಂದ. ಮೇಣದಿಂದ ಶುರುಮಾಡಿ ಮತ್ತೆ ಮಾಡಬೇಕಾಗಿತ್ತು.

ಯಾರೋ ಕಿಟಕಿ ತೆರೆದರು. ಗಾಳಿಗೆ ರಜಾ ಪಟ್ಟಿ ಒಮ್ಮೆ ಎದ್ದು ಕೂತಿತು, ದಾರದ ತುದಿಯ ಪೆನ್ಸಿಲ್ ಗೋಡೆಯನ್ನು ಕುಟ್ಟತೊಡಗಿತು. ಕಾನೂನಣ್ಣ ತನ್ನ ಸ್ಟೂಲಿನ ಮೇಲೆ ಕೂತು, ಸ್ಪಿರಿಟ್ ದೀಪ ಹಚ್ಚಿ, ಮೇಣದ ಹೊಸ ಹಾಳೆಯನ್ನು ಉರಿಯ ಮೇಲೆ ಹಿಡಿದ. ಅದು ಮೆತ್ತಗಾಗುವವರೆಗೆ ಕಾದು, ಡಬ್ಬಿಯಿಂದ ಮೊದಲನೇ ಹಲ್ಲನ್ನು ಎತ್ತಿಕೊಂಡ.